ಹಸಿ ಕಸ ಉರಿಯುವುದಿಲ್ಲ, ಹಳ್ಳಿಯವರನ್ನು ಬೈದರೂ ಉರಿಯುವುದಿಲ್ಲ

"ಈ ಹಳ್ಳಿಯವರಿಗೆ ಎಲ್ಲದಕ್ಕೂ ವಿರೋಧ ಮಾಡುವುದೇ ಕೆಲಸ. ಕಸದಿಂದ ಕರೆಂಟ್ ತೆಗೆಯುತ್ತೇವೆ ಅಂದರೂ ಬೇಡವಂತೆ."

ನಿನ್ನೆ ಸಂಜೆ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಒಬ್ಬರು ಆಡಿದ ಮಾತು ಇದು. ಆಸ್ತಿ ತೆರಿಗೆಯ ಜೊತೆ 2025ರ ಏಪ್ರಿಲ್‌ನಿಂದ ಶುರುವಾದ ಕಸದ ಶುಲ್ಕದ ಬಗ್ಗೆ ಚರ್ಚೆ ನಡೆಯುತ್ತಿತ್ತು. ಅಲ್ಲಿಂದ ಮಾತು ಕಸ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಹೊರಳಿತು, ಅಲ್ಲಿಂದ ಸೀದಾ ಹಳ್ಳಿಯವರ ತಲೆಗೆ ಬಂದು ನಿಂತಿತು. ಸುತ್ತ ಕುಳಿತಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಬಂದಾಗ ನನಗೆ ಗಂಟಲು ಕಟ್ಟುತ್ತದೆ, ಹೇಳಬೇಕಾದದ್ದರಲ್ಲಿ ಅರ್ಧವೂ ಹೊರಗೆ ಬರುವುದಿಲ್ಲ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಬಿಡದಿ ಕಡೆ ಎಂಬುದು ನಿಮ್ಮಲ್ಲಿ ಬಹಳಷ್ಟು ಜನರಿಗೆ ಗೊತ್ತು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಮತ್ತು ಬೆಂಗಳೂರು ಮಹಾನಗರ ಪಾಲಿಕೆ ಸೇರಿ ಕಟ್ಟಿದ ಕಸದ ವಿದ್ಯುತ್ ಘಟಕ ಇದೆ. ದಿನಕ್ಕೆ 600 ಟನ್ ಕಸ, 11.5 ಮೆಗಾವಾಟ್ ವಿದ್ಯುತ್. 2020ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆಯಾದಾಗಿನಿಂದ ಚಿಕ್ಕಪ್ಪನ ಮನೆಯಲ್ಲಿ ಅದರ ಮಾತು ಬರದ ಹಬ್ಬವಿಲ್ಲ. ಚಿಕ್ಕಪ್ಪ ಇಂದಿಗೂ ರೇಷ್ಮೆ ಹುಳು ಸಾಕುತ್ತಾರೆ. ಅವರ ಹುಳುಮನೆಯ ಹತ್ತಿರ ಬೀಡಿ ಸೇದಿ ಬಂದವರನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತಾರೆ. ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಗೆ ತೇಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೂ ಸಾಕು, ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದು ಹಸಿವಿನಿಂದ ತಿನ್ನುತ್ತಿರುವ ಹುಳುಗಳು ವಾಂತಿ ಮಾಡಿಕೊಂಡು ತಟ್ಟೆಯಲ್ಲೇ ಸಾಯುತ್ತವೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಬೇಕಾದ ಬೆಳೆ ತಿಪ್ಪೆಗೆ ಹೋಗುತ್ತದೆ. ಹೀಗೆ ಬದುಕುವ ಮನುಷ್ಯ ತನ್ನ ಊರಿನ ಹತ್ತಿರ ಒಂದು ಚಿಮಣಿ ಎದ್ದಾಗ ಅದರಿಂದ ಏನು ಬರುತ್ತದೆ ಎಂದು ಕೇಳಬಾರದೇ? ಘಟಕದಿಂದ ಅವರ ಬೆಳೆ ಹಾಳಾಗಿದೆ ಎಂದು ನಾನು ಹೇಳುತ್ತಿಲ್ಲ. ಕೇಳುವ ಹಕ್ಕು ಅವರಿಗಿದೆ ಎನ್ನುತ್ತಿದ್ದೇನೆ. ಕೇಳಿದ ತಕ್ಷಣ ಅಭಿವೃದ್ಧಿ ವಿರೋಧಿ ಎಂಬ ಹಣೆಪಟ್ಟಿ ಅಂಟಿಸುತ್ತಾರಲ್ಲ, ಅದು ನನಗೆ ಸಹಿಸಲಾಗದ ಸಂಗತಿ.

ಆ ಸೀಮೆಯವರಿಗೆ ಬೆಂಗಳೂರಿನ ಉಪಕಾರ ಹೊಸದೂ ಅಲ್ಲ. ವೃಷಭಾವತಿ ನದಿ ಹೊತ್ತು ತರುವ ನಮ್ಮ ಕಕ್ಕಸು, ನಮ್ಮ ಕಾರ್ಖಾನೆಗಳ ನೀರು ಬೈರಮಂಗಲ ಕೆರೆಗೆ ಸೇರಿ ದಶಕಗಳಾದವು. ಆ ಕೆರೆಯ ಏರಿಯ ಮೇಲೆ ಒಮ್ಮೆ ನಿಂತು ಉಸಿರೆಳೆದುಕೊಂಡವರು ಹಳ್ಳಿಯವರನ್ನು ಬೈಯುವುದಿಲ್ಲ.

ಈಗ ಕಸದ ವಿಷಯಕ್ಕೆ ಬರುತ್ತೇನೆ. ಹಸಿ ಸೌದೆಯನ್ನು ಒಲೆಗೆ ತುರುಕಿದರೆ ಏನಾಗುತ್ತದೆ ಎಂದು ಹಳ್ಳಿಯ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ: ಹೊಗೆ ಬರುತ್ತದೆ, ಅನ್ನ ಬೇಯುವುದಿಲ್ಲ. ನಮ್ಮ ನಗರಗಳ ಕಸದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹಸಿ ಕಸ. ತರಕಾರಿ ಸಿಪ್ಪೆ, ಮಿಕ್ಕ ಅನ್ನ ಸಾರು, ಬಾಳೆಎಲೆ, ಎಳನೀರಿನ ಬುರುಡೆ, ಮಾರುಕಟ್ಟೆಯಲ್ಲಿ ಕೊಳೆತ ಹೂವು. ಒಂದು ಕಿಲೋ ನೀರನ್ನು ಆವಿ ಮಾಡುವುದಕ್ಕೇ ಆರುನೂರಕ್ಕೂ ಹೆಚ್ಚು ಕಿಲೋ ಕ್ಯಾಲರಿ ಶಾಖ ಬೇಕು. ಕಸದಲ್ಲಿರುವ ಅಲ್ಪಸ್ವಲ್ಪ ಶಾಖ ಆ ಕಸವನ್ನೇ ಒಣಗಿಸುವುದರಲ್ಲಿ ಮುಗಿದುಹೋದರೆ ವಿದ್ಯುತ್ ಎಲ್ಲಿಂದ ಬರಬೇಕು? 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದೇನು? ಮರುಬಳಕೆಗೆ ಬಾರದ, ಕಿಲೋಗೆ 1,500 ಕಿಲೋ ಕ್ಯಾಲರಿಯಾದರೂ ಇರುವ ಕಸವನ್ನು ಸುಡಲು ಕೊಡಿ ಎಂದು. ಎಲ್ಲ ಕಸವನ್ನೂ ತುಂಬಿ ಕಳುಹಿಸಿ ಎಂದು ಯಾವ ನಿಯಮವೂ ಹೇಳಿಲ್ಲ.

ಇದು ಇಂದು ನಿನ್ನೆ ಗೊತ್ತಾದ ವಿಷಯವೂ ಅಲ್ಲ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲೇ ದೇಶದ ಮೊದಲ ಇಂಥ ಘಟಕ ಬಂತು. ಡೆನ್ಮಾರ್ಕಿನ ತಂತ್ರಜ್ಞಾನ, ದಿನಕ್ಕೆ 300 ಟನ್ ಕಸ, 3.75 ಮೆಗಾವಾಟ್ ವಿದ್ಯುತ್ತಿನ ಗುರಿ. ಮೂರು ವಾರ ನಡೆದು ನಿಂತುಹೋಯಿತು. ಕಾರಣ, ಬಂದ ಕಸ ಉರಿಯಲಿಲ್ಲ. ಕೆಲವು ವರ್ಷಗಳ ಹಿಂದೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಲೆಕ್ಕ ಹಾಕಿದಾಗ, 1987ರಿಂದೀಚೆಗೆ ಕಟ್ಟಿದ 15 ಘಟಕಗಳಲ್ಲಿ 7 ಮುಚ್ಚಿಹೋಗಿದ್ದವು. ಈ ಚರಿತ್ರೆಯನ್ನು ಇಟ್ಟುಕೊಂಡು ನಾವು ಹಳ್ಳಿಯವರಿಗೆ ವಿಜ್ಞಾನ ಹೇಳಿಕೊಡಲು ಹೊರಡುತ್ತೇವೆ.

ನಿನ್ನೆ ಸಭೆಯಲ್ಲಿ ನಾನು ಬಾಯಿ ತೆರೆದ ಕೂಡಲೇ ಬಂದ ಉತ್ತರ, "ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಊರ ನಡುವೆಯೇ ಇಂಥ ಘಟಕ ಇದೆಯಲ್ಲ ಮೇಡಂ, ಅದರ ಮೇಲೆ ಜನ ಸ್ಕೀಯಿಂಗ್ ಮಾಡುತ್ತಾರೆ" ಎಂಬುದು. ನಿಜ, ಇದೆ. ಸಿಂಗಪುರದಲ್ಲೂ ಇದೆ, ಜಪಾನಿನಲ್ಲಿ ನೂರಾರು ಇವೆ. ಆದರೆ ಅಲ್ಲಿನ ಮನೆಗಳಿಂದ ಹೊರಬರುವ ಕಸದಲ್ಲಿ ಕಾಗದ, ಪ್ಯಾಕಿಂಗ್ ವಸ್ತುಗಳ ಪಾಲು ಹೆಚ್ಚು, ನೀರು ಕಡಿಮೆ. ಕಸ ಸುಟ್ಟ ಶಾಖದಲ್ಲಿ ಕಾಯಿಸಿದ ನೀರಿನಿಂದ ಕೋಪನ್‌ಹೇಗನ್ನಿನವರು ಚಳಿಗಾಲದಲ್ಲಿ ಮನೆ ಬೆಚ್ಚಗಿಟ್ಟುಕೊಳ್ಳುತ್ತಾರೆ. ನಮ್ಮ ಊರಿನಲ್ಲಿ ಆ ಬಿಸಿನೀರನ್ನು ಕೊಳ್ಳುವವರು ಯಾರು? ಅದೇ ಡೆನ್ಮಾರ್ಕ್ ತಾನು ಸುಡುವ ಸಾಮರ್ಥ್ಯವನ್ನು ಶೇಕಡಾ 30ರಷ್ಟು ತಗ್ಗಿಸಬೇಕೆಂದು 2020ರಲ್ಲಿ ತೀರ್ಮಾನಿಸಿತು. ಕೋಪನ್‌ಹೇಗನ್ನಿನ ಫೋಟೊ ಹಂಚುವವರು ಈ ಭಾಗವನ್ನೂ ಓದಲಿ. ಅದಕ್ಕಿಂತ ಮೊದಲು ನಮ್ಮದೇ ದೇಶದ, ದೆಹಲಿಯ ಓಖ್ಲಾದ ಕಸದ ವಿದ್ಯುತ್ ಘಟಕಕ್ಕೆ ಹೋಗಿ ಬರಲಿ. ಅಲ್ಲಿ ಘಟಕದ ಕೂಗಳತೆಯಲ್ಲಿರುವ ಸುಖದೇವ್ ವಿಹಾರದ ನಿವಾಸಿಗಳು, ಅವರೂ ನಮ್ಮಂಥ ಓದಿದ ಮಧ್ಯಮ ವರ್ಗದವರೇ, 2009ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಘಟಕ 2012ರಲ್ಲಿ ಶುರುವಾಯಿತು. ಹಸಿರು ನ್ಯಾಯಮಂಡಳಿ 2017ರಲ್ಲಿ 25 ಲಕ್ಷ ರೂಪಾಯಿ ದಂಡ ಹಾಕಿ, ನಡೆಸಲು ಬಿಟ್ಟಿತು. ಇಷ್ಟು ವರ್ಷ ಹೋರಾಡಿದ ಅವರನ್ನು ಯಾರೂ ಹಳ್ಳಿ ಗಮಾರರು ಎನ್ನಲಿಲ್ಲ. ನಮ್ಮ ಕಡೆಯ ರೈತರು ಅದೇ ಪ್ರಶ್ನೆ ಕೇಳಿದರೆ ಮಾತ್ರ ಯಾರೋ ಕುಮ್ಮಕ್ಕು ಕೊಟ್ಟಿದ್ದಾರೆ ಎನ್ನುತ್ತಾರೆ.

ನಮ್ಮ ಬೀದಿಯ ಮೂಲೆಯಲ್ಲಿ ಬೆಳಿಗ್ಗೆ ಕಸದ ಆಟೊಗಳು ಬಂದು ದೊಡ್ಡ ಲಾರಿಗೆ ಕಸ ಸುರಿಯುತ್ತವೆ. ನೀವೂ ನೋಡಿರುತ್ತೀರಿ, ಆದರೆ ಮೂಗು ಮುಚ್ಚಿಕೊಂಡು ದಾಟಿಹೋಗಿರುತ್ತೀರಿ. ಒಮ್ಮೆ ನಿಂತು ನೋಡಿ. ಆಟೊದ ಪಕ್ಕಕ್ಕೆ ಒಣ ಕಸದ ಚೀಲಗಳನ್ನು ಕಟ್ಟಿರುತ್ತಾರೆ. ಹಿಂದುಗಡೆ ಒಬ್ಬ ಹೆಣ್ಣುಮಗಳು ಮೊಣಕಾಲುದ್ದ ಕಸದಲ್ಲಿ ನಿಂತು, ಗಂಟು ಹಾಕಿದ ಕಪ್ಪು ಕವರುಗಳನ್ನು ಒಂದೊಂದಾಗಿ ಬಿಚ್ಚುತ್ತಾಳೆ. ಒಂದರಿಂದ ಮೊಸರಿನ ಪ್ಯಾಕೆಟ್ ಬರುತ್ತದೆ, ಅದೇ ಕವರಿನಿಂದ ಮಗುವಿನ ಡೈಪರ್, ಒಡೆದ ಬಲ್ಬು, ನಿನ್ನೆಯ ಬಿರಿಯಾನಿ. ಕೈಗವಸು ಹರಿದು ಬೆರಳು ಹೊರಗೆ ಬಂದಿರುತ್ತದೆ. ಲಾರಿ ಕಸವನ್ನು ಒತ್ತಿದಾಗ ಅದರ ಹಿಂದಿನಿಂದ ಕಪ್ಪು ರಸ ಡಾಂಬರಿನ ಮೇಲೆ ಇಳಿಯುತ್ತದೆ, ತಿರುವಿನಲ್ಲಿ ದ್ವಿಚಕ್ರ ವಾಹನಗಳು ಜಾರುತ್ತವೆ. ಆ ರಸ ಸುರಿಸಿಕೊಂಡು ಹೋಗುವ ಲಾರಿಯ ಕಸವನ್ನೇ ನಾವು ಇಂಧನ ಎಂದು ಕರೆಯುತ್ತಿರುವುದು. ಆಕೆಯನ್ನು ಮಾತನಾಡಿಸಿದೆ. "ಅಕ್ಕಾ, ನೀವು ಬೇರೆ ಮಾಡಿ ಕೊಡುತ್ತೀರಿ, ಮೂರನೇ ಮನೆಯವರು ಎಲ್ಲ ಸೇರಿಸಿ ಗಂಟು ಕಟ್ಟಿ ಎಸೆಯುತ್ತಾರೆ. ಕೇಳಿದರೆ ಕಸ ಆರಿಸುವುದಕ್ಕೇ ತಾನೇ ನಿನಗೆ ಸಂಬಳ ಅನ್ನುತ್ತಾರೆ" ಎಂದಳು.

ಬೆಂಗಳೂರಿನಲ್ಲಿ ಮನೆಯಲ್ಲೇ ಕಸ ಬೇರ್ಪಡಿಸಬೇಕೆಂದು 2012ರಿಂದ ನಿಯಮವಿದೆ. ಎರಡು ಬುಟ್ಟಿ, ಒಂದು ಚೀಲದ ಪದ್ಧತಿಗೆ (ಹಸಿ ಕಸಕ್ಕೊಂದು, ಡೈಪರ್‌ನಂಥದಕ್ಕೊಂದು ಬುಟ್ಟಿ, ಒಣ ಕಸಕ್ಕೆ ಚೀಲ) ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಆದೇಶ ಕೊಟ್ಟಿತು. ದಿನಕ್ಕೆ ನೂರು ಕಿಲೋಗಿಂತ ಹೆಚ್ಚು ಕಸ ಮಾಡುವ ನಮ್ಮಂಥ ದೊಡ್ಡ ವಸತಿ ಸಮುಚ್ಚಯಗಳು ಹಸಿ ಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕು ಎಂದು 2016ರ ನಿಯಮಗಳೇ ಹೇಳಿದ್ದವು. ಇದಷ್ಟನ್ನೂ ಮಾಡದ ನಗರ, ಹಸಿ ಒಣ ಕಲಸಿದ ಕಸವನ್ನು ಇನ್ನೊಬ್ಬರ ಊರಿಗೆ ಕಳುಹಿಸಿ, ಅಲ್ಲಿ ಒಲೆ ಹೊತ್ತದಿದ್ದರೆ ಅಲ್ಲಿನವರನ್ನೇ ಬೈಯುತ್ತದೆ.

ಅಷ್ಟಕ್ಕೂ ಘಟಕಕ್ಕೆ ಚೆನ್ನಾಗಿ ಉರಿಯುವುದು ಯಾವುದು? ಒಣಗಿದ ಕಾಗದ, ರಟ್ಟು, ಪ್ಲಾಸ್ಟಿಕ್. ಅದೇ ಕಾಗದ, ರಟ್ಟು, ಪ್ಲಾಸ್ಟಿಕ್ಕನ್ನು ಆಯ್ದು ಮಾರಿ ಸಾವಿರಾರು ಕುಟುಂಬಗಳು ಬದುಕುತ್ತಿವೆ. ವಾರ್ಡುಗಳ ಒಣತ್ಯಾಜ್ಯ ಕೇಂದ್ರಗಳನ್ನು ನಡೆಸುತ್ತಿರುವವರಲ್ಲಿ ಒಂದು ಕಾಲಕ್ಕೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೂ ಇದ್ದಾರೆ. ಒಲೆಗೆ ಹಸಿವಾದಾಗ ಅವರ ಚೀಲಕ್ಕೇ ಮೊದಲು ಕೈ ಬೀಳುತ್ತದೆ. ಈ ಮಾತನ್ನು ನಿನ್ನೆ ಸಭೆಯಲ್ಲಿ ಯಾರೂ ಎತ್ತಲಿಲ್ಲ.

ಇಷ್ಟೆಲ್ಲ ಮಾಡಿ ಬರುವುದು 11.5 ಮೆಗಾವಾಟ್. ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ವಿದ್ಯುತ್ತಿಗಾಗಿ ಕಸ ಸುಡುತ್ತೇವೆ ಎನ್ನುವುದನ್ನು ದಯವಿಟ್ಟು ನಿಲ್ಲಿಸಿ. ಕಸವನ್ನು ಕಣ್ಣಿಂದ ಮರೆ ಮಾಡಲು ಸುಡುತ್ತೇವೆ ಎಂದು ನೇರವಾಗಿ ಹೇಳಿ, ಆಗ ಕನಿಷ್ಠ ಮಾತುಕತೆ ಶುರುವಾಗುತ್ತದೆ.

ಹಳ್ಳಿಯವರು ಏಕೆ ನಂಬುವುದಿಲ್ಲ ಎಂದು ಕೇಳುತ್ತೀರಿ. ಬೆಂಗಳೂರಿನ ಹೊರವಲಯದ ಮಂಡೂರಿನವರಿಗೂ ಕಸದಿಂದ ವಿದ್ಯುತ್ ಮಾಡುತ್ತೇವೆ ಎಂದೇ ಹೇಳಿದ್ದರು. ವಿದ್ಯುತ್ ಬರಲಿಲ್ಲ, ಕಸ ಬಂತು, ಬೆಟ್ಟವಾಗುವವರೆಗೆ ಬಂತು. ನೊಣ, ನಾತ, ಕೆಟ್ಟ ಬೋರ್‌ವೆಲ್ ನೀರು ಎಲ್ಲ ಅನುಭವಿಸಿ ಅವರು 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತರು. ಡಿಸೆಂಬರ್ 1ರಿಂದ ಕಸ ಹಾಕುವುದಿಲ್ಲ ಎಂದು ಸರ್ಕಾರ ಒಪ್ಪಿಕೊಂಡದ್ದು ಆ ಮೇಲೆ. ಅದಕ್ಕೆ ಎರಡು ವರ್ಷ ಮೊದಲು ಮಾವಳ್ಳಿಪುರದ ಕಸ ಸುರಿಯುವ ಜಾಗ ಮುಚ್ಚಿತ್ತು, ಬೆಂಗಳೂರಿನ ಬೀದಿಗಳಲ್ಲಿ ಕಸ ಕೊಳೆಯಿತು. ಮಂಡೂರಾದ ಮೇಲೆ ದೊಡ್ಡಬಳ್ಳಾಪುರದ ಕಡೆಯ ಚಿಗರೇನಹಳ್ಳಿ. ಮಂಗಳೂರಿನವರಿಗೆ ಪಚ್ಚನಾಡಿಯ ನೆನಪು ಮಾಡಬೇಕಾಗಿಲ್ಲ: 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಗುಡ್ಡ ಜರಿದು ಮಂದಾರದ ಅಡಿಕೆ ತೋಟ, ಮನೆ, ನಾಗಬನ ಎಲ್ಲದರ ಮೇಲೆ ಮಲಗಿತು. ಒಂದೇ ಒಂದು ಊರಿನಲ್ಲಿ ಕೊಟ್ಟ ಮಾತು ಉಳಿದಿದ್ದರೆ ಇನ್ನೊಂದು ಊರು ನಂಬುತ್ತಿತ್ತು.

"ಹಾಗಾದರೆ ಕಸವನ್ನು ಎಲ್ಲಿ ಹಾಕಬೇಕು, ನಿಮ್ಮ ಮನೆಯಲ್ಲಿಯೇ?" ಇದು ಕೊನೆಯ ಬಾಣ, ನಿನ್ನೆಯೂ ಬಂತು. ಹೌದು, ಹಸಿ ಕಸವನ್ನು ನನ್ನ ಮನೆಯಲ್ಲಿಯೇ. ಕೇರಳದ ಆಲಪ್ಪುಳದಲ್ಲಿ ಸರ್ವೋದಯಪುರಂನ ಜನ 2012ರಲ್ಲಿ ಕಸದ ಲಾರಿ ತಡೆದಾಗ ಆ ಪಟ್ಟಣ ಬೇರೆ ಹಳ್ಳಿ ಹುಡುಕಲಿಲ್ಲ. ಮನೆಗಳಲ್ಲಿ, ಬೀದಿಗಳಲ್ಲಿ ಗೊಬ್ಬರದ ತೊಟ್ಟಿ, ಬಯೋಗ್ಯಾಸ್ ಹಾಕಿಸಿತು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅದನ್ನು ಜಗತ್ತಿನ ಐದು ಮಾದರಿ ನಗರಗಳಲ್ಲಿ ಒಂದೆಂದು ಗುರುತಿಸಿತು. ಅಷ್ಟು ದೂರ ಯಾಕೆ, ಮೈಸೂರಿನ ಕುಂಬಾರಕೊಪ್ಪಲಿನ, ಕಸ ಬೇರ್ಪಡಿಸಿ ಗೊಬ್ಬರ ಮಾಡುವ ಘಟಕವನ್ನು ನೋಡಿ ಬನ್ನಿ, ರೈಲಿನಲ್ಲಿ ಬಿಡದಿ ದಾಟಿಯೇ ಹೋಗಬೇಕು. ಬೆಂಗಳೂರು ದೊಡ್ಡದು, ಆಗುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ನಮ್ಮ ಅಪಾರ್ಟ್‌ಮೆಂಟ್ ದೊಡ್ಡದಲ್ಲ, ಅಲ್ಲಿ ಯಾಕೆ ಆಗಿಲ್ಲ?

ಎಲ್ಲವನ್ನೂ ಬೇರ್ಪಡಿಸಿದ ಮೇಲೂ ಏನೋ ಒಂದಿಷ್ಟು ಉಳಿಯುತ್ತದೆ, ಅದನ್ನು ಸುಡಲೇಬೇಕಾಗಬಹುದು. ಒಪ್ಪುತ್ತೇನೆ. ಆದರೆ ಹೇಗೆ ಸುಡುತ್ತೀರಿ ಎಂದು ಪಕ್ಕದ ಊರಿಗೆ ಹೇಳಬೇಕಲ್ಲ? ಕುಲುಮೆ 850 ಡಿಗ್ರಿ ಮುಟ್ಟಿ ಹೊಗೆ ಅಲ್ಲಿ ಎರಡು ಸೆಕೆಂಡಾದರೂ ನಿಲ್ಲದಿದ್ದರೆ ಡಯಾಕ್ಸಿನ್‌ನಂಥ ವಿಷ ಪೂರ್ತಿ ಒಡೆಯುವುದಿಲ್ಲ. ಹೊಗೆ ತಣ್ಣಗಾಗುವಾಗ ಮತ್ತೆ ಹುಟ್ಟಲೂಬಹುದು. ಒದ್ದೆ ಕಸ ಬಿದ್ದ ದಿನ ಕುಲುಮೆಯ ಶಾಖ ಇಳಿಯುತ್ತದೆ, ಅಂದರೆ ನಮ್ಮ ಮೂರನೇ ಮನೆಯವರ ಕಪ್ಪು ಕವರಿಗೂ ಆ ಹೊಗೆಗೂ ನೇರ ಸಂಬಂಧವಿದೆ. ಡಯಾಕ್ಸಿನ್ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಮಾದರಿ ತೆಗೆದು ವಿಶೇಷ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಮಾದರಿ ತೆಗೆದ ದಿನ ಯಾವ ಕಸ ಉರಿಯುತ್ತಿತ್ತು ಎಂಬುದನ್ನೂ ಬರೆದಿಡಬೇಕು. ಆ ವರದಿ ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರಬೇಕು.

ಚಿಕ್ಕಪ್ಪನಿಗೆ ಇದಕ್ಕಿಂತ ದೊಡ್ಡ ಚಿಂತೆ ಬೂದಿಯದು. ಸುಟ್ಟ ಕಸದ ತೂಕದಲ್ಲಿ ನಾಲ್ಕನೇ ಒಂದು ಭಾಗದಷ್ಟು ಬೂದಿಯಾಗಿ ಉಳಿಯುತ್ತದೆ, ಹೊಗೆಯಿಂದ ಸೋಸಿ ತೆಗೆದ ಪುಡಿಯಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳಿರುತ್ತವೆ. "ನೋಡಮ್ಮ, ಹೊಗೆ ಗಾಳಿ ಬೀಸಿದ ಕಡೆ ಹೋಗುತ್ತದೆ. ಬೂದಿಯನ್ನು ಲಾರಿಯಲ್ಲಿ ತುಂಬಿ ಎಲ್ಲಿಗಾದರೂ ಒಯ್ಯಲೇಬೇಕಲ್ಲ, ಯಾವ ಊರಿಗೆ ಎಂದು ಬರೆದುಕೊಡಲಿ" ಎನ್ನುತ್ತಾರೆ ಅವರು. ಆ ಕಾಗದವನ್ನು ಕೇಳಲು ಊರಿನವರ ಜೊತೆ ನಾನೂ ಹೋಗುತ್ತೇನೆ. ನಿಮ್ಮಲ್ಲಿ ಬರುವವರಿದ್ದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ.