64 ಕೆಬಿ ಮಿತಿ ಸೆಗ್ಮೆಂಟಿಗೆ, ಪ್ರೋಗ್ರಾಮಿಗಲ್ಲ

ಮೈಕ್ರೋಸಾಫ್ಟಿನ ಯೂನಿಕ್ಸ್ ಆವೃತ್ತಿಯಾದ ಜೆನಿಕ್ಸ್ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ನಿಜಕ್ಕೂ ಖುಷಿಯಾಯ್ತು. ಆದರೆ ಇಂಟೆಲ್ 286 ಚಿಪ್ಪಿನ ಯಂತ್ರದ ಜೆನಿಕ್ಸ್‌ನಲ್ಲಿ ಯಾವ ಪ್ರೋಗ್ರಾಮೂ 64 ಕೆಬಿ ದಾಟುವಂತಿರಲಿಲ್ಲ ಎಂದು ಬರೆದಿದ್ದೀರಲ್ಲ, ಅದು ಸರಿಯಲ್ಲ. ಆ ಮಿತಿ ಇದ್ದದ್ದು ಒಂದೊಂದು ಸೆಗ್ಮೆಂಟಿಗೆ, ಅಂದರೆ ಮೆಮೊರಿಯ ಒಂದೊಂದು ತುಂಡಿಗೆ. ಪ್ರೋಗ್ರಾಮಿಗೆ ಸೆಗ್ಮೆಂಟ್ ಹಂಚುವ ಕ್ರಮಕ್ಕೆ ಮಾಡೆಲ್ ಎಂದು ಹೆಸರು. ಸ್ಮಾಲ್ ಮಾಡೆಲ್‌ನಲ್ಲಿ ಕೋಡಿಗೆ 64, ಡೇಟಾಗೆ 64. ಮಿಡಲ್‌ನಲ್ಲಿ ಕೋಡು ಹಲವು ಸೆಗ್ಮೆಂಟಿಗೆ ಹರಡಬಹುದಿತ್ತು, ಲಾರ್ಜ್‌ನಲ್ಲಿ ಡೇಟಾ ಕೂಡ. ಸಿ ಭಾಷೆಯ ಕಂಪೈಲರ್ ಓಡಿಸುವ ಸಿಸಿ ಕಮ್ಯಾಂಡಿಗೆ ಒಂದು ಆಪ್ಷನ್ ಕೊಟ್ಟರೆ ಆಯ್ತು.

ಪೀಕಲಾಟ ಶುರುವಾಗುತ್ತಿದ್ದದ್ದು ಆಮೇಲೆ. ಲಾರ್ಜ್ ಮಾಡೆಲ್‌ನಲ್ಲಿ ಇಂಟ್ (ಪೂರ್ಣಾಂಕ) 16 ಬಿಟ್, ಪಾಯಿಂಟರ್ (ಮೆಮೊರಿ ವಿಳಾಸ) 32 ಬಿಟ್. ಇನ್ನೊಂದು ಪ್ರೋಗ್ರಾಮನ್ನು ಓಡಿಸುವ ಎಕ್ಸೆಕ್‌ಎಲ್ ಫಂಕ್ಷನ್‌ನ ಆರ್ಗ್ಯುಮೆಂಟ್ ಪಟ್ಟಿ ಮುಗಿಸಲು ಬರೀ ಸೊನ್ನೆ ಬರೆದಿದ್ದರೆ ಆರ್ಗ್ಯುಮೆಂಟ್ ದಾಟಿಸುವ ಮೆಮೊರಿ ಜಾಗವಾದ ಸ್ಟ್ಯಾಕಿಗೆ ಹೋಗುವುದು ಎರಡೇ ಬೈಟು. ಆ ಕಡೆ ಫಂಕ್ಷನ್ ಓದುವುದು ನಾಲ್ಕು ಬೈಟು. ಪಕ್ಕದಲ್ಲಿದ್ದ ಕಸವೂ ಸೇರಿಕೊಂಡು, ಪಟ್ಟಿ ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ. ಡೆಕ್ ಕಂಪನಿಯ ವ್ಯಾಕ್ಸ್ ಕಂಪ್ಯೂಟರಿನಲ್ಲಿ ಇಂಟೂ ಪಾಯಿಂಟರೂ 32 ಬಿಟ್ಟೇ, ಹಾಗಾಗಿ ಅಲ್ಲಿ ಸರಾಗವಾಗಿ ಓಡಿದ ಕೋಡು ಇಲ್ಲಿ ಮುಗ್ಗರಿಸುತ್ತಿತ್ತು. ಆ ಸೊನ್ನೆಯನ್ನು ಕ್ಯಾರ್ ಪಾಯಿಂಟರ್‌ಗೆ ಕಾಸ್ಟ್ ಮಾಡಿದರೆ, ಅಂದರೆ ಆ ಬಗೆಗೆ ಬದಲಾಯಿಸಿ ಬರೆದರೆ, ಸರಿಹೋಗುತ್ತದೆ.

ಬೇರೆ ಸೆಗ್ಮೆಂಟಿಗೆ ಹೋದಾಗಲೆಲ್ಲ ಅದನ್ನು ಗುರುತಿಸುವ ಸೆಗ್ಮೆಂಟ್ ರಿಜಿಸ್ಟರನ್ನು (ಚಿಪ್ಪಿನೊಳಗಿನ ಪುಟ್ಟ ಖಾನೆ) ಮತ್ತೆ ತುಂಬಬೇಕಿದ್ದರಿಂದ ವೇಗಕ್ಕೂ ಪೆಟ್ಟು ಬೀಳುತ್ತಿತ್ತು. ಜೆನಿಕ್ಸ್ ಬಳಸುತ್ತಿದ್ದ, ಮೆಮೊರಿಗೆ ರಕ್ಷಣೆ ಇರುವ 286ರ ಪ್ರೊಟೆಕ್ಟೆಡ್ ಮೋಡ್‌ನಲ್ಲಿ ಒಂದು ರಿಜಿಸ್ಟರ್‌ನಿಂದ ಸೆಗ್ಮೆಂಟ್ ರಿಜಿಸ್ಟರ್ ತುಂಬಲು 17 ಕ್ಲಾಕ್ (ಚಿಪ್ಪಿನ ಗಡಿಯಾರದ ಮಿಡಿತ) ಬೇಕು, ಆ ರಕ್ಷಣೆ ಇಲ್ಲದ ರಿಯಲ್ ಮೋಡ್‌ನಲ್ಲಿ 2 ಸಾಕು. ಸ್ಮಾಲ್‌ನಲ್ಲಿ ಹಿಡಿಸುವುದನ್ನು ಲಾರ್ಜ್‌ಗೆ ಒಯ್ಯದೆ ಇದ್ದದ್ದು ಇದಕ್ಕೇ. ದಯವಿಟ್ಟು 64 ಕೆಬಿಯ ಆ ಸಾಲು ತಿದ್ದಿ.