14 ಅಂಗುಲದ ಸ್ವಾಭಿಮಾನ

ರೈಲು ಎಂದರೆ ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ವಾಹನ ಎಂದು ನಂಬಿರುವವರು ರೈಲಿನ ಚರಿತ್ರೆಯನ್ನು ಓದಿಲ್ಲವೆಂದೇ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾಂತ್ಯಕ್ಕೊಂದು ಕಂಪನಿ, ಕಂಪನಿಗೊಂದು ಅಳತೆ ಎಂಬಂತೆ ಹಳಿ ಹಾಸಿದವರ ಸಾಹಸಗಳನ್ನು ಗಮನಿಸಿದರೆ, ರೈಲಿನ ಪರಮ ಉದ್ದೇಶ ಮುಂದಕ್ಕೆ ಹೋಗುವುದಲ್ಲ, ತಮ್ಮ ಸರಹದ್ದಿಗೆ ಬಂದೊಡನೆ ನಿಂತುಬಿಡುವುದು ಎಂಬುದು ಮನದಟ್ಟಾಗುತ್ತದೆ.

ಈ ತತ್ತ್ವಕ್ಕಾಗಿ ಬೀದಿಗಿಳಿದ ಊರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈರಿ. ಪೂರ್ವದ ನ್ಯೂಯಾರ್ಕ್ ಗಡಿಯಿಂದ ಅಲ್ಲಿಗೆ ಬರುತ್ತಿದ್ದ ಹಳಿಗಳ ನಡುವಿನ ಅಂತರ 6 ಅಡಿ. ಪಶ್ಚಿಮಕ್ಕೆ ಒಹಾಯೊ ಕಡೆ ಹೊರಡುತ್ತಿದ್ದ ಹಳಿಗಳದು 4 ಅಡಿ 10 ಅಂಗುಲ. ನಡುವಿನ ಈ 14 ಅಂಗುಲದ ಕೃಪೆಯಿಂದ ಪ್ರತಿಯೊಬ್ಬ ಪ್ರಯಾಣಿಕನೂ ಗಂಟುಮೂಟೆ ಸಮೇತ ಈರಿಯಲ್ಲಿ ಇಳಿಯಲೇಬೇಕಾಗಿತ್ತು, ಗೂಡ್ಸ್ ರೈಲಿನ ಪ್ರತಿಯೊಂದು ಮೂಟೆಯೂ ಪೀಪಾಯಿಯೂ ಅಲ್ಲಿನ ಕೂಲಿಗಳ ಹೆಗಲೇರಿ ಮತ್ತೊಂದು ವ್ಯಾಗನ್ನಿಗೆ ಹೋಗಬೇಕಾಗಿತ್ತು. ಇಳಿದವನಿಗೆ ಹಸಿವಾಗುವುದು ಸಹಜ. ಹಸಿದವನಿಗೆ ಕಡಲೆಕಾಯಿ ಮಾರುವುದು ಧರ್ಮ. ರೈಲು ಎಲ್ಲಿ ಕೆಲಸಕ್ಕೆ ಬಾರದೋ ಅಲ್ಲಿ ಮಾತ್ರ ಅದರಿಂದ ಊರಿಗೆ ಉಪಕಾರ ಎಂಬ ಅರ್ಥಶಾಸ್ತ್ರವನ್ನು ಈರಿಯ ಜನ ಯಾವ ಪಂಡಿತರ ನೆರವೂ ಇಲ್ಲದೆ ಕಂಡುಕೊಂಡಿದ್ದರು.

ಹೀಗೆ ಎಲ್ಲವೂ ಸುಗಮವಾಗಿ, ಅಂದರೆ ದುರ್ಗಮವಾಗಿ, ನಡೆಯುತ್ತಿರಲು ಪೂರ್ವದ ಕಂಪನಿಗೆ ದುರ್ಬುದ್ಧಿ ಹುಟ್ಟಿತು. ತನ್ನ ಹಳಿಗಳನ್ನೂ 4 ಅಡಿ 10 ಅಂಗುಲಕ್ಕೆ ತಂದರೆ ರೈಲು ನಿಲ್ಲದೆ ಸಾಗಬಹುದೆಂದು ಅದು 1853ರ ಡಿಸೆಂಬರಿನಲ್ಲಿ ಕೆಲಸಕ್ಕೆ ಕೈಹಾಕಿತು. ನಿಲ್ಲದೆ ಸಾಗುವ ರೈಲು! ಊರಿನವರು ಗುದ್ದಲಿ ಹಾರೆಗಳನ್ನು ಹಿಡಿದು ಬಂದು ಹಳಿಗಳನ್ನು ಕಿತ್ತರು, ಸೇತುವೆಗಳನ್ನು ಕೆಡವಿದರು. ಪಕ್ಕದ ಹಾರ್ಬರ್‌ಕ್ರೀಕ್‌ನವರೂ ಹಿಂದೆ ಬೀಳಲಿಲ್ಲ. ಪರಿಣಾಮವಾಗಿ ಆ ಚಳಿಗಾಲದಲ್ಲಿ ಪ್ರಯಾಣಿಕರು ಎರಡು ರೈಲುಗಳ ನಡುವಿನ ಸುಮಾರು 7 ಮೈಲಿ ದೂರವನ್ನು ಹಿಮದಲ್ಲಿ ಗಾಡಿ ಹತ್ತಿಯೋ ಕಾಲ್ನಡಿಗೆಯಲ್ಲಿಯೋ ದಾಟಿದರು. ಮೊದಲು 14 ಅಂಗುಲವಿದ್ದ ಅಡಚಣೆಯನ್ನು 7 ಮೈಲಿಗೆ ಬೆಳೆಸಿದ ಈ ಸಾಧನೆಯನ್ನು ಅಭಿವೃದ್ಧಿ ಎನ್ನದೆ ಬೇರೇನೆನ್ನಬೇಕೋ ನನಗೆ ತಿಳಿಯದು. ಹಾಗೆ ದಾಟಿದವರಲ್ಲಿ ನ್ಯೂಯಾರ್ಕಿನ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಯೂ ಒಬ್ಬರು. ಬೀದಿಗಳಲ್ಲಿ ಹುಲ್ಲು ಬೆಳೆಯುವವರೆಗೂ ಈರಿಯತ್ತ ಯಾರೂ ಸುಳಿಯಬಾರದೆಂದು ಅವರು ಶಾಪ ಹಾಕಿದರು. ಸಂಪಾದಕರು ಶಪಿಸಿದರೇ ಹೊರತು ತಿಂಡಿ ಮಾರುವವರ ಕಷ್ಟವನ್ನು ಅರಿಯಲಿಲ್ಲ. ಜನ ಈ ಹೋರಾಟಕ್ಕೆ ಕಡಲೆಕಾಯಿ ಯುದ್ಧವೆಂದೂ ಹೆಸರಿಟ್ಟರು, ಅದು 1854ರ ಆರಂಭದವರೆಗೂ ನಡೆಯಿತು.

ಈರಿಯವರದು ಕನಿಷ್ಠ ಹೊಟ್ಟೆಪಾಡಿನ ಜಗಳ. ಬಲ್ಲವರ ಲೆಕ್ಕಾಚಾರ ಇದಕ್ಕಿಂತ ಸೊಗಸು. ಐರ್ಲೆಂಡಿನಲ್ಲಿ 1840ರ ದಶಕದಲ್ಲಿ ಒಂದು ಕಂಪನಿ 6 ಅಡಿ 2 ಅಂಗುಲ, ಇನ್ನೊಂದು 5 ಅಡಿ 2 ಅಂಗುಲ, ಮತ್ತೊಂದು 4 ಅಡಿ 8½ ಅಂಗುಲ ಎಂದು ಪಟ್ಟು ಹಿಡಿದಾಗ, ಲಂಡನ್ನಿನ ಅಧಿಕಾರಿಗಳು ಎಂಜಿನಿಯರುಗಳ ಅಭಿಪ್ರಾಯಗಳನ್ನೆಲ್ಲ ಕೇಳಿ, ಸರಾಸರಿಗೆ ಹೊಂದುವಂತೆ 5 ಅಡಿ 3 ಅಂಗುಲವೇ ಸರಿಯೆಂದು ತೀರ್ಮಾನಿಸಿದರು. ಆ ಮೂವರಲ್ಲಿ ಯಾರ ಬಳಿಯೂ ಆ ಅಳತೆಯ ಹಳಿ ಇರಲಿಲ್ಲ. ಮೂವರ ಜಗಳ ಬಿಡಿಸಲು ನಾಲ್ಕನೆಯವನನ್ನು ಹುಟ್ಟಿಸಿದಂತಾಯಿತು. ಗೇಜುಗಳ, ಅಂದರೆ ಹಳಿಗಳ ನಡುವಿನ ಅಂತರಗಳ, ಗೊಂದಲವನ್ನು ಕೊನೆಗಾಣಿಸಲೆಂದೇ ಬಂದ 1846ರ ಕಾಯಿದೆ, ಬ್ರಿಟನ್ನಿಗೆ 4 ಅಡಿ 8½ ಅಂಗುಲ, ಐರ್ಲೆಂಡಿಗೆ 5 ಅಡಿ 3 ಅಂಗುಲ ಎಂದು ಒಂದೇ ಉಸಿರಿನಲ್ಲಿ ಎರಡನ್ನು ವಿಧಿಸಿತು.

ಆ ಸರಾಸರಿಯ ಕೂಸು ಹಡಗು ಹತ್ತಿ ಆಸ್ಟ್ರೇಲಿಯಕ್ಕೂ ಹೋಯಿತು. ನ್ಯೂ ಸೌತ್ ವೇಲ್ಸ್‌ನ ಐರಿಷ್ ಎಂಜಿನಿಯರ್ 5 ಅಡಿ 3 ಅಂಗುಲವೇ ಶ್ರೇಷ್ಠವೆಂದು ಒಪ್ಪಿಸಿದರು. ನೆರೆಯ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ಅದನ್ನು ನಂಬಿ ಬೋಗಿ ಎಂಜಿನ್ನುಗಳಿಗೆ ಆರ್ಡರ್ ಕೊಟ್ಟವು. ಅಷ್ಟರಲ್ಲಿ ಐರಿಷ್ ಎಂಜಿನಿಯರ್ ರಾಜೀನಾಮೆ ಕೊಟ್ಟು, ಅವರ ಜಾಗಕ್ಕೆ ಬಂದ ಸ್ಕಾಟಿಷ್ ಎಂಜಿನಿಯರ್ 4 ಅಡಿ 8½ ಅಂಗುಲವೇ ಶ್ರೇಷ್ಠವೆಂದು ಸರ್ಕಾರದ ಮನಸ್ಸು ಬದಲಿಸಿದರು. ಒಬ್ಬ ನೌಕರನ ಬದಲಾವಣೆಯ ಬೆಲೆ ಎಷ್ಟೆಂದರೆ, 1883ರಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯದ ಹಳಿಗಳು ಗಡಿಯೂರಾದ ಆಲ್ಬರಿಯ ಬಳಿ ಮುಖಾಮುಖಿಯಾದ ಮೇಲೆ ಸಿಡ್ನಿ–ಮೆಲ್ಬರ್ನ್ ಪ್ರಯಾಣಿಕರು ಅಲ್ಲಿ ರೈಲು ಬದಲಿಸುತ್ತಲೇ ಹೋದರು. ಒಂದೇ ಅಳತೆಯ ಹಳಿ ಎರಡು ನಗರಗಳನ್ನೂ ಕೂಡಿಸಿದ್ದು 1962ರಲ್ಲಿ. ಆ ನಡುವೆ ಆಲ್ಬರಿಗೆ ದೊರೆತದ್ದು ಬಹಳ ಉದ್ದವಾದ ಒಂದು ಪ್ಲಾಟ್‌ಫಾರಂ.

ಭಾರತದಲ್ಲಿ 1870ರ ಹೊತ್ತಿಗೆ, 5 ಅಡಿ 6 ಅಂಗುಲದ ಬ್ರಾಡ್ ಗೇಜ್ ದುಬಾರಿಯಾಯಿತೆಂದು ವೈಸರಾಯ್ ಮೇಯೋ ಅವರ ಸರ್ಕಾರ ಕಿರಿದಾದ ಹಳಿಯನ್ನು ಹುಡುಕಿತು. ದೇಶ ಇನ್ನೇನು ಮೆಟ್ರಿಕ್ ಪದ್ಧತಿಗೆ ಹೋಗಲಿದೆಯೆಂಬ ದೂರದೃಷ್ಟಿಯಿಂದ ಒಂದು ಮೀಟರನ್ನೇ ಆರಿಸಿತು. ಆ ಪದ್ಧತಿಯನ್ನು ತಂದ ಕಾಯಿದೆ ಬಂದದ್ದು 1956ರಲ್ಲಿ. ಬಟ್ಟೆಯನ್ನು ಗಜದಲ್ಲಿ ಅಳೆಯುತ್ತಿದ್ದ ದೇಶದಲ್ಲಿ ಅಷ್ಟು ಕಾಲವೂ ರೈಲೊಂದೇ ಮೀಟರಿನಲ್ಲಿ ಓಡಿತು. 1992ರಿಂದ ಆ ಮೀಟರುಗಳನ್ನೆಲ್ಲ ಕಿತ್ತು ಬ್ರಾಡ್ ಗೇಜ್ ಹಾಸುವ ಯೋಜನೆ ಶುರುವಾಯಿತು.

ಬದಲಾಯಿಸುವುದು ಅಷ್ಟೊಂದು ಕಠಿಣವೇ ಎಂದು ಕೇಳಬಹುದು. ಅಮೆರಿಕದ ದಕ್ಷಿಣ ರಾಜ್ಯಗಳ ಕಂಪನಿಗಳು 5 ಅಡಿಯ ಹಳಿಗಳನ್ನು ದಶಕಗಳ ಕಾಲ ಪ್ರಾಣದಂತೆ ಕಾಪಾಡಿಕೊಂಡು ಬಂದು, 1886ರ ಮೇ ಕೊನೆಯ ದಿನ ಸಂಚಾರ ನಿಲ್ಲಿಸಿ, ಮೊಳೆಗಳನ್ನು ಮೊದಲೇ ಸಡಿಲಿಸಿಟ್ಟುಕೊಂಡಿದ್ದ ಸಾವಿರಾರು ಕಾರ್ಮಿಕರಿಂದ ಒಂದು ಬದಿಯ ಕಂಬಿಯನ್ನು 3 ಅಂಗುಲ ಒಳಕ್ಕೆ ಸರಿಸಿದವು. 11,000 ಮೈಲಿಗೂ ಹೆಚ್ಚಿನ ದಾರಿ ಸುಮಾರು 36 ಗಂಟೆಗಳಲ್ಲಿ ಬದಲಾಯಿತು. 5 ಅಡಿಯಲ್ಲಿ 3 ಅಂಗುಲ ಕಳೆದರೆ ಉಳಿಯುವುದು 4 ಅಡಿ 9 ಅಂಗುಲ. ದೇಶದ ಬಹುಪಾಲು ಹಳಿಗಳು ಆಗಲೇ 4 ಅಡಿ 8½ ಅಂಗುಲಕ್ಕೆ ಬಂದಿದ್ದವು. ನೆರೆಯ ಪೆನ್ಸಿಲ್ವೇನಿಯಾ ಕಂಪನಿಯದು 4 ಅಡಿ 9 ಇದ್ದುದರಿಂದ ದಕ್ಷಿಣದವರು ಅದಕ್ಕೆ ಹೊಂದಿಕೊಂಡು, ಉಳಿದ ಅರ್ಧ ಅಂಗುಲವನ್ನು ಮುಂದಿನ ಪೀಳಿಗೆಗೆ ಬಿಟ್ಟುಕೊಟ್ಟರು.