ಬಾರದ ಪ್ರೇಕ್ಷಕರಿಗೊಂದು ಅಭಿನಂದನೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಅಂಕಪಟ್ಟಿಯ ಕೊನೆಯಲ್ಲಿ ‘ಹಾಜರಿ’ ಎಂದು ಪ್ರಕಟವಾಗುವ ಸಂಖ್ಯೆಯನ್ನು ಈ ವರ್ಷದ ಕಥಾಸಾಹಿತ್ಯ ಪ್ರಶಸ್ತಿಗೆ ಪರಿಗಣಿಸಬೇಕೆಂದು ನಾನು ಸಂಬಂಧಪಟ್ಟವರಲ್ಲಿ ವಿನಂತಿಸಿಕೊಳ್ಳುತ್ತೇನೆ. ನವೆಂಬರ್ ತಿಂಗಳ ಯಾವುದೋ ಒಂದು ಮಂಗಳವಾರ ರಾತ್ರಿ, ಊರಿನವರೇ ಹೆಸರು ಕೇಳಿರದ ಎದುರಾಳಿಯೊಂದಿಗೆ ಪಂದ್ಯ ನಡೆಯುತ್ತಿರುತ್ತದೆ. ಕ್ಯಾಮೆರಾ ಕೈತಪ್ಪಿ ಮೇಲಿನ ಸಾಲುಗಳತ್ತ ಹೊರಳುತ್ತದೆ. ಅಲ್ಲಿ ಸಾಲುಸಾಲು ಕುರ್ಚಿಗಳು, ನಡುವೆ ಕೋಟು ಹರವಿಕೊಂಡು ಕುಳಿತ ಒಬ್ಬ ಅಜ್ಜ. ನಿರ್ದೇಶಕರು ಗಾಬರಿಗೊಂಡು ಚಿತ್ರವನ್ನು ಕೆಳಗಿಳಿಸುತ್ತಾರೆ. ಪಂದ್ಯ ಮುಗಿದ ಮೇಲೆ ಹಾಜರಿ ಹನ್ನೆರಡು ಸಾವಿರದ ಚಿಲ್ಲರೆ ಎಂದು ಘೋಷಣೆಯಾಗುತ್ತದೆ. ಬಂದಿದ್ದವರು ಆ ಚಿಲ್ಲರೆಯಷ್ಟು ಮಂದಿ ಎಂಬುದು ಟಿವಿಯಲ್ಲಿ ನೋಡಿದವರಿಗೆಲ್ಲ ಗೊತ್ತು.

ಇದನ್ನು ಸುಳ್ಳೆನ್ನಲು ಯಾರಿಗೂ ಸಾಧ್ಯವಾಗದಿರುವುದೇ ಇದರ ಸೊಗಸು. ಬಹಳಷ್ಟು ವಿಶ್ವವಿದ್ಯಾಲಯಗಳು ಎಣಿಸುವುದು ಮಾರಾಟವಾದ ಅಥವಾ ಹಂಚಿಕೆಯಾದ ಟಿಕೆಟ್‌ಗಳನ್ನೇ ಹೊರತು ಬಾಗಿಲು ದಾಟಿ ಒಳಬಂದ ಮನುಷ್ಯರನ್ನಲ್ಲ. ಇಡೀ ಋತುವಿನ ಟಿಕೆಟ್ ಕೊಂಡು ಮನೆಯ ಸೋಫಾದಲ್ಲಿ ಮಲಗಿರುವ ದಂತವೈದ್ಯರು ಪ್ರತಿ ಪಂದ್ಯಕ್ಕೂ ಹಾಜರು. ಊರಿನ ವಿಮಾ ಕಚೇರಿಗೆ ಪುಕ್ಕಟೆಯಾಗಿ ಕಳುಹಿಸಿದ, ಆ ಕಚೇರಿಯ ಮೇಜಿನ ಖಾನೆಯಲ್ಲಿ ಇಂದಿಗೂ ಭದ್ರವಾಗಿರುವ ಟಿಕೆಟ್‌ಗಳೂ ಹಾಜರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 75ರ ಗಡಿ ದಾಟಲು ಹಿಂದಿನ ಬೆಂಚಿನ ಗೆಳೆಯ ಕಂಠ ಬದಲಿಸಿ ‘ಎಸ್ ಸರ್’ ಎಂದು ಕೂಗುವುದುಂಟು. ಸಿಕ್ಕಿಬಿದ್ದರೆ ತಂದೆಯನ್ನು ಕರೆತರಬೇಕಾಗುವುದೂ ಉಂಟು. ಅಮೆರಿಕದಲ್ಲಿ ಬಾರದವರ ಪರವಾಗಿ ಕೂಗುವ ಕೆಲಸವನ್ನು ವಿಶ್ವವಿದ್ಯಾಲಯವೇ ವಹಿಸಿಕೊಂಡಿದೆ. ಇಷ್ಟು ದೊಡ್ಡ ಸಂಸ್ಥೆಯ ತಂದೆಯನ್ನು ಎಲ್ಲಿಂದ ಕರೆಸುವುದು?

ಈ ಲೆಕ್ಕ ಪ್ರಾಮಾಣಿಕವಾಗಿದ್ದ ಒಂದೇ ಒಂದು ಋತು ನನಗೆ ನೆನಪಿದೆ. 2020–21ರ ಕೋವಿಡ್ ಕಾಲದಲ್ಲಿ ಹಲವು ವಿಶ್ವವಿದ್ಯಾಲಯಗಳು ಅಭಿಮಾನಿಗಳಿಂದ ಹಣ ಪಡೆದು, ಅವರ ಭಾವಚಿತ್ರವನ್ನು ರಟ್ಟಿನ ಮೇಲೆ ಮುದ್ರಿಸಿ ಕುರ್ಚಿಗಳಿಗೆ ಸಿಕ್ಕಿಸಿದ್ದವು. ಆ ವರ್ಷ ಹಣ ಕೊಟ್ಟ ಪ್ರತಿಯೊಬ್ಬ ರಟ್ಟಿನ ಪ್ರೇಕ್ಷಕನೂ ತನ್ನ ಸ್ಥಾನದಲ್ಲೇ ಇದ್ದ. ಮಧ್ಯಂತರದಲ್ಲಿ ಎದ್ದು ಹೋಗಲಿಲ್ಲ. ತಂಡ ಇಪ್ಪತ್ತು ಅಂಕಗಳಿಂದ ಹಿಂದೆ ಬಿದ್ದಾಗಲೂ ಮುಗುಳ್ನಗುತ್ತಿದ್ದ. ಆಡಳಿತದವರಿಗೆ ಆದರ್ಶ ಪ್ರೇಕ್ಷಕ ಹೇಗಿರಬೇಕೆಂಬ ಕಲ್ಪನೆ ಮೂಡಿದ್ದು ಅದೇ ವರ್ಷವಿರಬೇಕು.

ಜೀವವಿರುವ ಪ್ರೇಕ್ಷಕರು ಯಾಕೆ ಬರುತ್ತಿಲ್ಲ ಎಂಬ ಪ್ರಶ್ನೆಗೆ ಕ್ರೀಡಾ ವಿಭಾಗಗಳ ಬಳಿ ಉತ್ತರ ಸಿದ್ಧವಾಗಿದೆ: ಈಗಿನ ಹುಡುಗರಿಗೆ ಮೊಬೈಲ್ ಸಾಕು. ಆದ್ದರಿಂದ ಪರಿಹಾರವೂ ಮೊಬೈಲಿನಲ್ಲೇ ಇರಬೇಕು. 2019ರಲ್ಲಿ ಅಲಬಾಮಾ ವಿಶ್ವವಿದ್ಯಾಲಯವು ಫುಟ್‌ಬಾಲ್ ಪಂದ್ಯ ಮುಗಿಯುವ ಮುನ್ನವೇ ಎದ್ದು ಹೋಗುವ ವಿದ್ಯಾರ್ಥಿಗಳನ್ನು ತಡೆಯಲು ಒಂದು ಆ್ಯಪ್ ತಂದಿತು. ಕೊನೆಯ ಕ್ವಾರ್ಟರ್‌ವರೆಗೂ ಕ್ರೀಡಾಂಗಣದಲ್ಲೇ ಇದ್ದೀರೆಂದು ಆ ಆ್ಯಪ್ ಸಾಕ್ಷಿ ಹೇಳಿದರೆ ನಿಮ್ಮ ಖಾತೆಗೆ ನಿಷ್ಠೆಯ ಅಂಕಗಳು ಜಮೆಯಾಗುತ್ತವೆ, ಅಂಕ ಹೆಚ್ಚಿದ್ದವರಿಗೆ ಮುಂದಿನ ದೊಡ್ಡ ಪಂದ್ಯದ ಟಿಕೆಟ್‌ನಲ್ಲಿ ಆದ್ಯತೆ ಸಿಗುತ್ತದೆ. ಇಂಥ ಆ್ಯಪ್‌ಗಳು ಬ್ಯಾಸ್ಕೆಟ್‌ಬಾಲಿಗೂ ಬಂದವು. ವಿದ್ಯಾರ್ಥಿ ಎಲ್ಲಿ ನಿಂತಿದ್ದಾನೆ, ಎಷ್ಟು ಹೊತ್ತು ನಿಂತಿದ್ದಾನೆ ಎಂಬುದನ್ನು ಹೆಜ್ಜೆಹೆಜ್ಜೆಗೂ ಅಳೆಯಬಲ್ಲ ಈ ವ್ಯವಸ್ಥೆಗೆ ಒಳಗೆ ಬಂದವರು ಒಟ್ಟು ಎಷ್ಟು ಮಂದಿ ಎಂಬುದನ್ನು ಮಾತ್ರ ನಿಖರವಾಗಿ ಹೇಳಲು ಬರುವುದಿಲ್ಲ.

ಹಾಜರಿ ಎಂದ ಕೂಡಲೇ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ವಿಶ್ವವಿದ್ಯಾಲಯ ನೆನಪಾಗುತ್ತದೆ. ಅಲ್ಲಿನ ಗುಮ್ಮಟದ ಕ್ರೀಡಾಂಗಣವು ಬ್ಯಾಸ್ಕೆಟ್‌ಬಾಲ್ ನಡೆಯುವ ವಿಶ್ವವಿದ್ಯಾಲಯ ಆವರಣಗಳಲ್ಲೆಲ್ಲ ಅತ್ಯಂತ ದೊಡ್ಡದೆಂದು ಹೆಸರಾದುದು. 2019ರ ಫೆಬ್ರುವರಿ 23ರಂದು ಅಲ್ಲಿಗೆ ಬಂದವರು 35,642 ಮಂದಿ; ಆವರಣದೊಳಗೆ ನಡೆದ ಪುರುಷರ ಪಂದ್ಯವೊಂದಕ್ಕೆ ಅದು ದಾಖಲೆ. ಅವರೆಲ್ಲ ನೋಡಲು ಬಯಸಿದ್ದು ಡ್ಯೂಕ್ ವಿಶ್ವವಿದ್ಯಾಲಯ ತಂಡದ ತಾರೆ ಜಯಾನ್ ವಿಲಿಯಮ್ಸನ್‌ನನ್ನು. ಅದಕ್ಕೆ ಮೂರು ದಿನ ಮೊದಲು, ಒಬಾಮ ಅವರೂ ನೋಡುತ್ತಿದ್ದ ಪಂದ್ಯದ ಮೊದಲ ನಿಮಿಷದಲ್ಲೇ ಆತನ ಶೂ ಹರಿದು, ಮಂಡಿ ಉಳುಕಿತ್ತು. ಹೀಗಾಗಿ ಆ ದಾಖಲೆಯ ಜನಸ್ತೋಮದ ಮುಂದೆ ಗೈರಾಗಿದ್ದವನು ಆಟಗಾರ! ಪ್ರೇಕ್ಷಕರು ಮಾತ್ರ ಗೈರಾಗಬೇಕೆಂಬ ನಿಯಮವೇನೂ ಇಲ್ಲವಲ್ಲ.

ಅದೇ ಗುಮ್ಮಟದ ಇನ್ನೊಂದು ಕಥೆಯನ್ನು, ವಿಷಯಕ್ಕೆ ಅಷ್ಟೇನೂ ಸಂಬಂಧವಿಲ್ಲದಿದ್ದರೂ, ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ. 1980ರಲ್ಲಿ ಅದು ತೆರೆದಾಗ ಹವಾನಿಯಂತ್ರಣ ಯಂತ್ರಗಳನ್ನು ತಯಾರಿಸುವ ಕ್ಯಾರಿಯರ್ ಕಂಪನಿ 27.5 ಲಕ್ಷ ಡಾಲರ್ ಕೊಟ್ಟು ತನ್ನ ಹೆಸರನ್ನು ಅದಕ್ಕೆ ಇಡಿಸಿತು. ಆ ಕ್ಯಾರಿಯರ್ ಗುಮ್ಮಟದಲ್ಲಿ ನಾಲ್ಕು ದಶಕಗಳ ಕಾಲ ಹವಾನಿಯಂತ್ರಣವೇ ಇರಲಿಲ್ಲ. ಜನ ಬೆವರಿದರು, ಕರಪತ್ರಗಳಿಂದ ಗಾಳಿ ಬೀಸಿಕೊಂಡರು, ತಲೆ ಎತ್ತಿದರೆ ಕ್ಯಾರಿಯರ್ ಎಂಬ ಫಲಕ. ಕೊನೆಗೆ 2020ರ ನವೀಕರಣದಲ್ಲಿ ತಂಪು ಗಾಳಿಯ ವ್ಯವಸ್ಥೆ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಕ್ಯಾರಿಯರ್ ಹೆಸರು ಹೋಗಿ ಇನ್ನೊಂದು ಕಂಪನಿಯ ಹೆಸರು ಬಂತು. ಹೆಸರಿದ್ದಾಗ ತಂಪಿಲ್ಲ, ತಂಪು ಬಂದಾಗ ಹೆಸರಿಲ್ಲ. ತಂಪಿಲ್ಲದ ಕಾಲದಲ್ಲೇ ಮೂವತ್ತೈದು ಸಾವಿರ ಜನ ಬಂದಿದ್ದರು ಎಂಬುದನ್ನು, ಪ್ರೇಕ್ಷಕರನ್ನು ಸೆಳೆಯಲು ‘ಸೌಕರ್ಯ’ಗಳ ಪಟ್ಟಿ ಮಾಡುವ ಸಲಹೆಗಾರರು ಒಮ್ಮೆ ಗಮನಿಸಬೇಕು.

ದೊಡ್ಡದಾಗಿ ಕಟ್ಟಿದರೆ ಜನ ಬರುತ್ತಾರೆ ಎಂಬ ನಂಬಿಕೆಗೂ ಒಂದು ಶಿಖರವಿದೆ. 2003ರ ಡಿಸೆಂಬರ್‌ನಲ್ಲಿ ಮಿಷಿಗನ್ ಸ್ಟೇಟ್ ಮತ್ತು ಕೆಂಟಕಿ ತಂಡಗಳನ್ನು ಡೆಟ್ರಾಯಿಟ್‌ನ ಫುಟ್‌ಬಾಲ್ ಮೈದಾನವೊಂದರ ನಟ್ಟನಡುವೆ ಇಳಿಸಿ 78,129 ಜನರಿಗೆ ಟಿಕೆಟ್ ಕೊಡಲಾಯಿತು. ಮೇಲಿನ ಸಾಲುಗಳಲ್ಲಿದ್ದವರು ದೊಡ್ಡ ಪರದೆಯತ್ತ ಕಣ್ಣು ನೆಟ್ಟರು. ಅಂದರೆ ಮನೆಯಲ್ಲಿ ಟಿವಿ ನೋಡುತ್ತಿದ್ದವರನ್ನು ಹೊರಗೆಳೆದು, ಚಳಿಯಲ್ಲಿ ನಡೆಸಿ, ಹಣ ಪಡೆದು, ಇನ್ನೂ ದೊಡ್ಡ ಟಿವಿಯ ಮುಂದೆ ಕೂರಿಸಿದಂತಾಯಿತು.

ಟಿವಿಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಪುರುಷರ ಪಂದ್ಯವೆಂದರೆ ಇಪ್ಪತ್ತಿಪ್ಪತ್ತು ನಿಮಿಷಗಳ ಎರಡು ಭಾಗ, ಒಟ್ಟು ನಲವತ್ತು ನಿಮಿಷದ ಆಟ. ಪ್ರತಿ ಭಾಗದಲ್ಲೂ ಗಡಿಯಾರ ಹದಿನಾರು, ಹನ್ನೆರಡು, ಎಂಟು, ನಾಲ್ಕು ನಿಮಿಷಗಳಿಗಿಂತ ಕೆಳಗಿಳಿದ ಬಳಿಕ ಆಟ ಮೊದಲ ಬಾರಿ ನಿಂತಾಗ ಜಾಹೀರಾತಿಗಾಗಿ ವಿರಾಮ ಕೊಡಬೇಕು. ತರಬೇತುದಾರರು ಕೇಳುವ ವಿರಾಮಗಳು ಬೇರೆ, ತೀರ್ಪುಗಾರರು ಪರದೆಯ ಮುಂದೆ ಬಾಗಿ ನಿಲ್ಲುವ ಹೊತ್ತು ಬೇರೆ. ನಲವತ್ತು ನಿಮಿಷದ ಆಟ ಎರಡು ಗಂಟೆ ಮೀರುತ್ತದೆ. ಮನೆಯಲ್ಲಿ ಕುಳಿತವರಿಗೆ ಆಗ ಟ್ರಕ್ಕಿನ ಜಾಹೀರಾತಾದರೂ ಕಾಣುತ್ತದೆ. ಟಿಕೆಟ್ ಕೊಂಡು ಬಂದವರಿಗೆ ಕಾಣುವುದು ಬೆವರು ಒರೆಸಿಕೊಳ್ಳುವ ಹತ್ತು ಹುಡುಗರು ಮತ್ತು ಟೀ ಶರ್ಟ್ ಎಸೆಯುವ ಒಂದು ಗೊಂಬೆ ವೇಷ. ಆ ಜಾಹೀರಾತುದಾರರಿಗೆ ಅನುಕೂಲವಾಗಲೆಂದು ವಾರದ ನಡುವಿನ ಪಂದ್ಯ ರಾತ್ರಿ ಒಂಬತ್ತಕ್ಕೆ ಆರಂಭವಾಗುತ್ತದೆ. ಮರುದಿನ ಬೆಳಗ್ಗೆ ಎಂಟಕ್ಕೆ ರಸಾಯನಶಾಸ್ತ್ರದ ತರಗತಿ ಇರುವ ವಿದ್ಯಾರ್ಥಿ ಬರಲಿಲ್ಲವೆಂದು ಅದೇ ವಿಶ್ವವಿದ್ಯಾಲಯ ಸಮಿತಿ ರಚಿಸಿ ಕಾರಣ ಹುಡುಕುತ್ತದೆ. ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿಯ ಪ್ರಸಾರ ಒಪ್ಪಂದವನ್ನು 2016ರಲ್ಲಿ ಎಂಟು ವರ್ಷಗಳಿಗೆ ವಿಸ್ತರಿಸಿದಾಗಿನ ಬೆಲೆ 880 ಕೋಟಿ ಡಾಲರ್. ಅಷ್ಟು ಕೊಟ್ಟವರ ಗಡಿಯಾರ ನಡೆಯಲೇಬೇಕು, ಒಪ್ಪೋಣ. ಆದರೆ ಆಮೇಲೆ ಹುಡುಗರ ಮೊಬೈಲನ್ನು ದೂರಬಾರದು.

ಇನ್ನು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ. 1986ರ ಜನವರಿಯಲ್ಲಿ ಅದರ ಊರಾದ ಚಾಪೆಲ್ ಹಿಲ್‌ನಲ್ಲಿ ಡೀನ್ ಸ್ಮಿತ್ ಸೆಂಟರ್ ಎಂಬ ಬ್ಯಾಸ್ಕೆಟ್‌ಬಾಲ್ ಭವನ ತೆರೆಯಿತು. 3.3 ಕೋಟಿ ಡಾಲರ್‌ಗೂ ಹೆಚ್ಚಿನ ವೆಚ್ಚವನ್ನು ಖಾಸಗಿ ದೇಣಿಗೆಗಳಿಂದಲೇ ಹೊಂದಿಸಲಾಗಿತ್ತು. ದೇಣಿಗೆ ಕೊಟ್ಟವರಿಗೆ ಅಂಕಣದ ಹತ್ತಿರದ ಕುರ್ಚಿಗಳ ಹಕ್ಕು ದೊರೆಯಿತು. ಸುಮಾರು ಇಪ್ಪತ್ತೊಂದು ಸಾವಿರ ಆಸನಗಳಿದ್ದ ಆ ಭವನದಲ್ಲಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರಿಗೆ ದೊರೆತದ್ದು ದೂರದ ನೋಟ. 1991ರಲ್ಲಿ ಅಲ್ಲಿ ಗೆದ್ದ ಫ್ಲೋರಿಡಾ ಸ್ಟೇಟ್ ತಂಡದ ಸ್ಯಾಮ್ ಕ್ಯಾಸೆಲ್, ಇಲ್ಲಿನ ಜನ ಡ್ಯೂಕ್‌ನವರಂತಲ್ಲ, ಚೀಸ್ ಮತ್ತು ವೈನ್ ಸವಿಯುವವರು ಎಂದು ಹೇಳಿದ್ದು ಮೂರು ದಶಕ ಕಳೆದರೂ ಆ ಊರನ್ನು ಬಿಟ್ಟಿಲ್ಲ. ಕ್ಯಾಸೆಲ್‌ಗೆ ಹೀಗೆ ಹೇಳಲು ಯಾವ ಸಮೀಕ್ಷೆಯೂ ಬೇಕಾಗಿರಲಿಲ್ಲ, ಕಿವಿ ಸಾಕಾಗಿತ್ತು.

ಹತ್ತು ಮೈಲಿ ದೂರದ ಡರ್ಹಮ್‌ನಲ್ಲಿ, ಅದೇ 1986ರಲ್ಲಿ, ಡ್ಯೂಕ್ ವಿದ್ಯಾರ್ಥಿಗಳು ನಾರ್ತ್ ಕೆರೊಲಿನಾ ವಿರುದ್ಧದ ಪಂದ್ಯಕ್ಕಾಗಿ ಮೊದಲ ಬಾರಿಗೆ ಡೇರೆ ಹಾಕಿ ಮಲಗಿದರು. 1940ರಷ್ಟು ಹಳೆಯ ಕ್ಯಾಮರೂನ್ ಕ್ರೀಡಾಂಗಣದಲ್ಲಿ ಹಿಡಿಸುವುದು ಕೇವಲ 9,314 ಜನ. ಆದರೆ ಅಂಕಣದ ಪಕ್ಕದ ಬೆಂಚುಗಳು ವಿದ್ಯಾರ್ಥಿಗಳವು, ಪುಕ್ಕಟೆ. ಅದಕ್ಕಾಗಿ ಅವರು ಪ್ರತಿ ವರ್ಷ ಚಳಿಗಾಲದಲ್ಲಿ ವಾರಗಟ್ಟಲೆ ಹೊರಗೆ ಮಲಗುತ್ತಾರೆ; ಒಂದು ಡೇರೆಗೆ ಹನ್ನೆರಡು ಮಂದಿ, ಮೊದಲ ಹಂತದಲ್ಲಿ ರಾತ್ರಿ ಹತ್ತು ಮಂದಿಯಾದರೂ ಒಳಗಿರಬೇಕು. ನಡುರಾತ್ರಿಯಲ್ಲಿ ವಿದ್ಯಾರ್ಥಿ ಮೇಲ್ವಿಚಾರಕರು ಬಂದು ಒಬ್ಬೊಬ್ಬರನ್ನೂ ಎಣಿಸುತ್ತಾರೆ, ಲೆಕ್ಕ ಮತ್ತೆ ತಪ್ಪಿದರೆ ಸಾಲಿನಲ್ಲಿ ಸ್ಥಾನ ಹೋಗುತ್ತದೆ. ಇಡೀ ಕಾಲೇಜು ಬ್ಯಾಸ್ಕೆಟ್‌ಬಾಲ್ ಜಗತ್ತಿನಲ್ಲಿ ತಲೆ ಎಣಿಸಿ ಹಾಜರಿ ಹಾಕುವ ಪದ್ಧತಿ ಉಳಿದಿರುವುದು ಬಹುಶಃ ಈ ಹುಲ್ಲುಹಾಸಿನ ಮೇಲೆ ಮಾತ್ರ. ಅದನ್ನು ನಡೆಸುವವರು ಇಪ್ಪತ್ತು ವರ್ಷದ ಹುಡುಗ ಹುಡುಗಿಯರು, ಸಂಬಳವಿಲ್ಲದೆ.

ಇಷ್ಟು ಕಷ್ಟಪಟ್ಟು ಒಳಗೆ ಬಂದವರು ಗೆಲುವಿನ ಖುಷಿಯಲ್ಲಿ ಅಂಕಣಕ್ಕೆ ನುಗ್ಗಿದರೆ ಮಾತ್ರ ದಂಡ. ದಕ್ಷಿಣದ ವಿಶ್ವವಿದ್ಯಾಲಯಗಳ ಲೀಗ್ ಆದ ಸೌತ್ ಈಸ್ಟರ್ನ್ ಕಾನ್ಫರೆನ್ಸ್ 2025ರಲ್ಲಿ ಆತಿಥೇಯ ವಿಶ್ವವಿದ್ಯಾಲಯಕ್ಕೆ ಪ್ರತಿ ನುಗ್ಗಾಟಕ್ಕೂ 5 ಲಕ್ಷ ಡಾಲರ್ ಎಂದು ನಿಗದಿ ಮಾಡಿದೆ. ಇದಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. 2024ರ ಆರಂಭದ ಕೆಲವೇ ವಾರಗಳ ಅಂತರದಲ್ಲಿ ಐಯೊವಾ ಮಹಿಳಾ ತಂಡದ ತಾರೆ ಕೇಟ್ಲಿನ್ ಕ್ಲಾರ್ಕ್ ಮತ್ತು ಡ್ಯೂಕ್‌ನ ಕೈಲ್ ಫಿಲಿಪೌಸ್ಕಿ ಇಬ್ಬರಿಗೂ ನುಗ್ಗಿದ ಜನ ಡಿಕ್ಕಿ ಹೊಡೆದರು, ಮೈಮೇಲೆ ಬಿದ್ದು ಆಟಗಾರರ ಕಾಲು ಮುರಿಯುವುದು ಅಭಿಮಾನವಲ್ಲ. ಆದರೂ ಕುರ್ಚಿಗೆ ಬನ್ನಿ ಎಂದು ಅಂಕ ಕೊಡುವ, ಕುರ್ಚಿಯಿಂದ ಕೆಳಗಿಳಿದರೆ ಅರ್ಧ ಮಿಲಿಯನ್ ಕೇಳುವ ವ್ಯವಸ್ಥೆಯ ಮುಂದೆ ರಟ್ಟಿನ ಪ್ರೇಕ್ಷಕನೇ ಮತ್ತೆ ಕಣ್ಣಿಗೆ ಕಟ್ಟುತ್ತಾನೆ.

ಕ್ಲಾರ್ಕ್ ಹೆಸರು ಬಂದಾಗ ಇನ್ನೊಂದು ಸಂಗತಿಯನ್ನು ಮರೆಯಬಾರದು. 2023ರ ಅಕ್ಟೋಬರ್ 15ರಂದು ಐಯೊವಾದಲ್ಲಿ ಬಯಲು ಫುಟ್‌ಬಾಲ್ ಮೈದಾನದಲ್ಲಿ, ಗಾಳಿಯಲ್ಲಿ, ಗೆದ್ದರೂ ಸೋತರೂ ದಾಖಲೆಗೆ ಸೇರದ, ಆಕೆಯ ತಂಡದ ಒಂದು ಪ್ರದರ್ಶನ ಪಂದ್ಯಕ್ಕೆ 55,646 ಜನ ಬಂದರು. ಅವರಿಗೆ ಯಾವ ಆ್ಯಪ್ ಕೂಡ ಅಂಕ ಕೊಟ್ಟಿರಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಆಕೆ ಆಡಿದ, ಮಹಿಳೆಯರ ರಾಷ್ಟ್ರೀಯ ಟೂರ್ನಿಯ ಅಂತಿಮ ಪಂದ್ಯವನ್ನು ಟಿವಿಯಲ್ಲಿ ನೋಡಿದವರು ಸುಮಾರು 1.89 ಕೋಟಿ, ಪುರುಷರದನ್ನು ನೋಡಿದವರು ಸುಮಾರು 1.48 ಕೋಟಿ. ನಾಲ್ಕು ವರ್ಷ ಒಂದೇ ಊರಿನಲ್ಲಿ ಆಡಿದ ಹುಡುಗಿ ಕಣ್ಣೆದುರಿಗೇ ಬೆಳೆಯುವುದನ್ನು ನೋಡಿದವರು ಬಂದರು, ಅಷ್ಟೆ. ಪುರುಷರ ತಂಡಗಳಲ್ಲಿ ಪ್ರತಿ ವಸಂತಕ್ಕೂ ಅರ್ಧ ತಂಡವೇ ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ಈ ಕಾಲದಲ್ಲಿ ಪ್ರೇಕ್ಷಕರು ಹೆಸರು ಕಲಿಯುವ ಹೊತ್ತಿಗೆ ಆಟಗಾರ ಹೊರಟಿರುತ್ತಾನೆ.

ಹಾಸ್ಯ ಸಾಕು. ಇದೆಲ್ಲದರ ಖರ್ಚಿನ ಒಂದು ಪಾಲನ್ನು ಬಾರದ ವಿದ್ಯಾರ್ಥಿಗಳಿಂದಲೇ ವಸೂಲು ಮಾಡಲಾಗುತ್ತಿದೆ. ಟಿವಿಯ ದೊಡ್ಡ ಹಣ ತಲುಪದ ಅನೇಕ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕದ ಜತೆಯಲ್ಲೇ ಕ್ರೀಡಾ ಶುಲ್ಕವನ್ನೂ ವಿಧಿಸುತ್ತವೆ. ಕೆಲವು ಕಡೆ ಅದು ವರ್ಷಕ್ಕೆ ಎರಡು ಸಾವಿರ ಡಾಲರ್ ಮೀರಿದೆ. ರಾತ್ರಿ ಪಾಳಿಯಲ್ಲಿ ಅಂಗಡಿಯಲ್ಲಿ ದುಡಿದು ಓದುವ ಹುಡುಗಿ, ಎಂದೂ ಒಂದು ಪಂದ್ಯ ನೋಡದಿದ್ದರೂ, ಸಾಲ ಮಾಡಿ ಈ ಹಣ ಕಟ್ಟುತ್ತಾಳೆ, ಬಡ್ಡಿಯನ್ನೂ ಕಟ್ಟುತ್ತಾಳೆ. ಅವಳಿಂದ ಹಣ ಪಡೆದು, ಅವಳಿಗೆ ಗೋಡೆಯ ಪಕ್ಕದ ಕುರ್ಚಿ ತೋರಿಸಿ, ನಿದ್ರೆಯ ಹೊತ್ತಿಗೆ ಪಂದ್ಯ ಇಟ್ಟು, ಬರಲಿಲ್ಲವೆಂದು ಅವಳ ತಲೆಮಾರನ್ನೇ ಹೀಗಳೆಯುವುದು ನಾಚಿಕೆಗೇಡು. ಇದಕ್ಕೆ ಬೇರೆ ಹೆಸರಿಲ್ಲ.

ಪರಿಹಾರ ಯಾರಿಗೂ ಗೊತ್ತಿಲ್ಲವೆಂದೇನೂ ಇಲ್ಲ. 2000ದ ಜನವರಿಯಲ್ಲಿ ಚಾಪೆಲ್ ಹಿಲ್ ಸುತ್ತಮುತ್ತ ಭಾರಿ ಹಿಮ ಬಿದ್ದು ರಸ್ತೆಗಳು ಮುಚ್ಚಿಹೋದವು. ಮೇರಿಲ್ಯಾಂಡ್ ವಿರುದ್ಧದ ಪಂದ್ಯಕ್ಕೆ ದೂರದ ದೇಣಿಗೆದಾರರು ಬರಲಾಗದೆ, ಮೊದಲು ಬಂದವರಿಗೆ ಮೊದಲ ಸ್ಥಾನವೆಂದು ಬಾಗಿಲು ತೆರೆಯಲಾಯಿತು. ಹಿಮದಲ್ಲಿ ನಡೆದುಬಂದ ವಿದ್ಯಾರ್ಥಿಗಳು ಅಂಕಣದ ಪಕ್ಕದ ಸಾಲುಗಳನ್ನು ತುಂಬಿದರು, ಆ ಕಟ್ಟಡ ಅಷ್ಟು ಗದ್ದಲವನ್ನು ಕೇಳಿದ್ದೇ ಅಪರೂಪ, ತಂಡ ಗೆದ್ದಿತು. ಈಗ ಅದೇ ವಿಶ್ವವಿದ್ಯಾಲಯದಲ್ಲಿ ಹಳೆಯ ಭವನವನ್ನು ದುರಸ್ತಿ ಮಾಡಬೇಕೋ ಹೊಸದನ್ನು ಬೇರೆಡೆ ಕಟ್ಟಬೇಕೋ ಎಂಬ ಚರ್ಚೆ ಎದ್ದಿದೆ. ವಾಸ್ತುಶಿಲ್ಪಿಗಳು, ಹಣಕಾಸು ತಜ್ಞರು, ಹಳೆಯ ತರಬೇತುದಾರರು ಎಲ್ಲರೂ ಮಾತಾಡಲಿ. ಆದರೆ ಅಂಕಣದ ಪಕ್ಕದ ಮೊದಲ ಸಾಲಿನಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಮೊದಲು ಹೇಳಿ, ನಕ್ಷೆಯನ್ನು ಆಮೇಲೆ ತೋರಿಸಿ.